ಪತ್ತೆಯಾಗದ ಕ್ಯಾಮೆರಾ ಮತ್ತು ಸ್ಪ್ರಿಂಗಣ್ಣನ ಸೊಂಟ

ಸ್ಪ್ರಿಂಗಣ್ಣ ಅಂದು ಬೆಳಿಗ್ಗೆ ಹೇಳಿದ ಸುಳ್ಳು ಬಹಳ ದೊಡ್ಡದೇನಲ್ಲ. ಪಕ್ಕೆಲುಬಿನ ಕೆಳಗೆ, ತೊಡೆಯ ಮೇಲೆ, ಅಷ್ಟೇ ಜಾಗ ಹಿಡಿಯುವಂಥದ್ದು.

“ಸೊಂಟ ಹಿಡ್ಕೊಂಡುಬಿಟ್ಟಿದೆ ಸಾರ್. ಮಗ್ಗುಲು ಬದಲಾಯಿಸೋಕೂ ಆಗ್ತಿಲ್ಲ,” ಎಂದು ಫೋನಿನಲ್ಲಿ ನರಳಿದ. ನರಳುವಾಗ ಅವನು ನಿಂತೇ ಇದ್ದ. ಕಂಕುಳಲ್ಲಿ ಹಾಲುಗಲ್ಲದ ಮಗಳು ಅವನ ಕಿವಿ ಹಿಡಿದು ಹಿಂಡುತ್ತಿದ್ದುದರಿಂದ ನರಳಾಟಕ್ಕೆ ನಿಜದ ಕಳೆ ಬಂದಿತ್ತು.

ಆ ಕಡೆ ಅಂಗಡಿಯ ಮ್ಯಾನೇಜರು ಅತ್ತಿತ್ತ ನೋಡಿಕೊಂಡಿರಬೇಕು. ಆಮೇಲೆ ದನಿ ತಗ್ಗಿಸಿ ಕೇಳಿದರು: “ಲೋ, ನೀನು ಮಲಗೋದು ನಮ್ಮ ಹಾಸಿಗೆ ಮೇಲೇ ತಾನೇ?”

“ಹೌದು ಸಾರ್.”

“ಹಾಗಾದ್ರೆ ಯಾರ ಮುಂದೇನೂ ಬಾಯಿ ಬಿಡಬೇಡ. ಹಾಸಿಗೆ ಮಾರೋನಿಗೇ ಸೊಂಟನೋವು ಅಂದ್ರೆ ಅಂಗಡಿಗೆ ಬೀಗ ಹಾಕ್ಬೇಕಾಗುತ್ತೆ. ಮಲ್ಕೋ. ಅಲ್ಲಾಡಬೇಡ.”

ಸ್ಪ್ರಿಂಗಣ್ಣ ಊರಿನ ದೊಡ್ಡ ಪೀಠೋಪಕರಣದ ಅಂಗಡಿಯಲ್ಲಿ ಹಾಸಿಗೆ ವಿಭಾಗದವನು. ಗಿರಾಕಿ ಬಂದ ಕೂಡಲೇ ಚಪ್ಪಲಿ ಬಿಟ್ಟು ಹಾಸಿಗೆಯ ಮೇಲೆ ಹತ್ತಿ, “ನೋಡಿ, ಹೇಗೆ ಪುಟಿಯುತ್ತೆ!” ಎಂದು ಕುಣಿದು ತೋರಿಸುವುದು ಅವನ ಕೆಲಸ. ಹಾಗೆ ಕುಣಿದು ಕುಣಿದೇ ಅವನ ನಿಜವಾದ ಹೆಸರು ಎಲ್ಲೋ ಉದುರಿಹೋಗಿತ್ತು. ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ಅವನು ಸ್ಪ್ರಿಂಗಣ್ಣ. ಹೆಂಡತಿಗೆ ‘ರೀ’.

ಸುಳ್ಳಿಗೆ ಕಾರಣ ಒಂದು ಕ್ಯಾಮೆರಾ. ಅವನ ಹೆಂಡತಿ ಆಸ್ಪತ್ರೆಯೊಂದರ ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ಮಗುವಾದ ಮೇಲೆ ಬಿಟ್ಟ ಕೆಲಸಕ್ಕೆ ನಾಳೆಯಿಂದ ಮತ್ತೆ ಸೇರಬೇಕಿತ್ತು. ಸೇರಲು ಅವಳಿಗೆ ಎಷ್ಟು ಆಸೆ ಇತ್ತೋ ಅಷ್ಟೇ ಅಳುಕೂ ಇತ್ತು. ತನ್ನ ಬಿಳಿ ಕೋಟನ್ನು ಆಗಾಗ ಹೊರಗೆ ತೆಗೆದು ಇಸ್ತ್ರಿ ಮಾಡುವಳು, ಕನ್ನಡಿಯ ಮುಂದೆ ಹಾಕಿಕೊಳ್ಳುವಳು, ಮಗು ಮಿಸುಕಿದರೆ ಬಿಚ್ಚಿಡುವಳು.

“ಅತ್ತೆ ಚೆನ್ನಾಗೇ ನೋಡ್ಕೋತಾರೆ, ನಂಗೊತ್ತು,” ಎಂದಿದ್ದಳು. “ಆದ್ರೂ ರೀ, ಮಗು ಒಂದ್ಸಲ ಕಣ್ಣಿಗೆ ಕಂಡ್ರೆ ಸಾಕು, ಧೈರ್ಯವಾಗಿ ಕೆಲಸ ಮಾಡ್ತೀನಿ. ಕಾಣಲ್ಲ ಅಂದ್ರೆ ನಂಗಾಗಲ್ಲ. ಬರಲ್ಲ ಅಂತ ಹೇಳಿಬಿಡ್ತೀನಿ.”

ಅಂಗಡಿಯ ಹಾಸಿಗೆ ವಿಭಾಗಕ್ಕೆ ಹೊಸ ಕ್ಯಾಮೆರಾ ಬಂದಾಗ ಹಳೆಯದನ್ನು ಮ್ಯಾನೇಜರು ಸ್ಪ್ರಿಂಗಣ್ಣನಿಗೇ ಕೊಟ್ಟಿದ್ದರು. ಅವನು ಅದನ್ನು ಮನೆಗೆ ತಂದು, “ಇವತ್ತು ಹಾಕ್ತೀನಿ, ನಾಳೆ ಹಾಕ್ತೀನಿ” ಎಂದು ದಿನ ದೂಡುತ್ತ ಬಂದಿದ್ದ. ಈಗ ನೂಕಲು ದಿನಗಳೇ ಉಳಿದಿರಲಿಲ್ಲ. ರಜೆ ಕೇಳಿದರೆ ಗೋಡೌನಿನ ಸರಕು ಎಣಿಸುವ ವಾರ, ಯಾರಿಗೂ ರಜೆ ಇಲ್ಲ. ಹಾಗಾಗಿ ಸೊಂಟ ಹಿಡಿದುಕೊಳ್ಳಲೇಬೇಕಾಯಿತು.

ಹೆಂಡತಿ ಆಸ್ಪತ್ರೆಗೆ ಹೊಸ ಯಂತ್ರದ ಬಗ್ಗೆ ಹೇಳಿಸಿಕೊಂಡು ಬರಲು ಹೊರಟಳು. ಬಾಗಿಲಲ್ಲಿ ನಿಂತು, “ಸಂಜೆಯೊಳಗೆ ಆಗುತ್ತಾ?” ಎಂದಳು.

“ಸಂಜೆ ಯಾಕೆ? ನೀನು ಬಸ್ ಹತ್ತೋದ್ರೊಳಗೆ ಆಗುತ್ತೆ,” ಎಂದ ಸ್ಪ್ರಿಂಗಣ್ಣ.

ಅವಳು ಬಸ್ ಹತ್ತಿದಳು, ಇಳಿದಳು, ಅಲ್ಲಿ ಯಂತ್ರದ ಅರ್ಧ ಪಾಠವೂ ಮುಗಿದಿರಬಹುದು. ಸ್ಪ್ರಿಂಗಣ್ಣ ಮಾತ್ರ ಇನ್ನೂ ನಡುಮನೆಯಲ್ಲಿ ಮೊಣಕಾಲೂರಿ ಫೋನು ನೋಡುತ್ತಿದ್ದ. ಕ್ಯಾಮೆರಾ ಕಪಾಟಿನ ನೆತ್ತಿಯ ಮೇಲೆ ತೊಟ್ಟಿಲಿನ ಕಡೆ ಮುಖ ಮಾಡಿ ಕೂತಿತ್ತು. ಕರೆಂಟು ಕೊಟ್ಟಾಗಿತ್ತು. ಇಂಟರ್ನೆಟ್ಟಿನ ಡಬ್ಬಿಯಿಂದ ಎಳೆದ ತಂತಿಯನ್ನು ಅದರ ಬೆನ್ನಿಗೆ ಚುಚ್ಚಿಯಾಗಿತ್ತು. ಹಸಿರು ದೀಪವೂ ಹೊಸ ಅಳಿಯನ ಹಾಗೆ ಕಣ್ಣು ಮಿಟುಕಿಸುತ್ತಿತ್ತು. ಆದರೆ ಫೋನು ಮಾತ್ರ, ‘ಯಾವುದೇ ಸಾಧನ ಪತ್ತೆಯಾಗಿಲ್ಲ’ ಎನ್ನುತ್ತಿತ್ತು.

“ಕಣ್ಮುಂದೇನೇ ಇದೆಯಲ್ಲೋ! ನಿಂಗೆ ಇನ್ನೆಲ್ಲಿ ಪತ್ತೆಯಾಗ್ಬೇಕು?” ಎಂದು ಫೋನನ್ನು ಎತ್ತಿ ಕ್ಯಾಮೆರಾಕ್ಕೆ ತೋರಿಸಿದ, ಜಗಳವಾಡಿದ ಇಬ್ಬರು ಮಕ್ಕಳ ಕೈ ಕುಲುಕಿಸುವವನ ಹಾಗೆ. ಪತ್ತೆಯಾಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಅವನ ಅಮ್ಮ ಬಂದರು. ಮುಖ ತೊಳೆದು, ತಲೆ ಬಾಚಿ, ಮದುವೆಗೆ ಹೊರಟವರ ಹಾಗೆ ಸಿದ್ಧರಾಗಿದ್ದರು. ಕ್ಯಾಮೆರಾದ ಎದುರು ಕುರ್ಚಿ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು.

“ಅಮ್ಮಾ, ಇದಿನ್ನೂ ಶುರುವಾಗಿಲ್ಲ.”

“ಶುರುವಾದಾಗ ನಾನು ಅಡುಗೆಮನೆಯಲ್ಲಿ ಮೂಗು ಒರೆಸ್ತಾ ಇರೋದು ಕಾಣಬೇಕೇನೋ? ಸೊಸೆ ನೋಡ್ತಾಳೆ, ಅವಳ ಆಸ್ಪತ್ರೆಯವರೆಲ್ಲ ನೋಡ್ತಾರೆ. ನೀನು ನಿನ್ನ ಕೆಲಸ ನೋಡ್ಕೋ.”

ಅವನು ತನ್ನ ಕೆಲಸ ನೋಡಿಕೊಂಡ. ತಂತಿ ಕಿತ್ತು ಚುಚ್ಚಿದ. ಚುಚ್ಚಿ ಕಿತ್ತ. ಕ್ಯಾಮೆರಾ ಆರಿಸಿ ಹಚ್ಚಿದ. ಫೋನು ಆರಿಸಿ ಹಚ್ಚಿದ. ಸ್ಟೂಲು ಹತ್ತಿ ಗೋಡೆಯ ಮೇಲಿನ ಇಂಟರ್ನೆಟ್ ಡಬ್ಬಿಯನ್ನೂ ಆರಿಸಿದ. ಆರಿಸಿದ್ದೇ ತಡ, ಇಡೀ ಕಟ್ಟಡದಲ್ಲಿ ಬಾಗಿಲು ತೆರೆದ ಸದ್ದು ಕೇಳಿಸಿತು. ಆ ಡಬ್ಬಿಯ ಇಂಟರ್ನೆಟ್ಟನ್ನು ಅಕ್ಕಪಕ್ಕದವರು ಎಷ್ಟು ಜನ ಸದ್ದಿಲ್ಲದೆ ಬಳಸಿಕೊಳ್ಳುತ್ತಿದ್ದರು ಎನ್ನುವುದು ಅವನಿಗೆ ಅವತ್ತೇ ಗೊತ್ತಾದದ್ದು.

ಮೊದಲು ಬಂದವರು ಕೆಳಮನೆಯ ಮೇಷ್ಟ್ರು. ನಿವೃತ್ತರಾಗುವವರೆಗೂ ವಿಜ್ಞಾನ ಹೇಳಿಕೊಟ್ಟವರು. ನಿವೃತ್ತರಾದ ಮೇಲೆ ಕೇಳುವವರು ಯಾರೂ ಸಿಕ್ಕಿರಲಿಲ್ಲ.

“ಏನಪ್ಪಾ, ನನ್ನ ಹಾಡು ಅರ್ಧಕ್ಕೆ ನಿಂತುಹೋಯ್ತಲ್ಲ?” ಎಂದವರೇ, ಕ್ಯಾಮೆರಾ ಕಂಡು ಹಾಡು ಮರೆತರು. ಸುತ್ತ ನಡೆದರು. ಬೆರಳಿನಿಂದ ಕಪಾಟು ತಟ್ಟಿದರು. “ಇದು ಕಬ್ಬಿಣದ್ದು!”

“ಹೌದು ಮೇಷ್ಟ್ರೇ.”

“ಅದಕ್ಕೇ! ಕಬ್ಬಿಣ ಅಲೆಗಳನ್ನ ನುಂಗಿಹಾಕುತ್ತೆ. ಮೊದಲು ಇದನ್ನ ರೂಮಿಂದ ಆಚೆ ಹಾಕು. ಆಮೇಲೆ ನೋಡು ಹೇಗೆ ಬರುತ್ತೆ.”

“ಆದ್ರೆ ಇದು ತಂತೀಲಿ ಹಾಕಿರೋದು...”

“ನೀನು ವಿಜ್ಞಾನದಲ್ಲಿ ಎಷ್ಟು ತಗೊಂಡಿದ್ದೆ?”

ಸ್ಪ್ರಿಂಗಣ್ಣ ಡಬ್ಬಿಯನ್ನು ಮತ್ತೆ ಹಚ್ಚಿ, ಕ್ಯಾಮೆರಾವನ್ನು ತಂತಿ ಸಮೇತ ಕಿಟಕಿಯ ಕಟ್ಟೆಗೆ ದಾಟಿಸಿ, ಕಪಾಟಿಗೆ ಭುಜ ಕೊಟ್ಟ. ಅದು ಅವನ ಮದುವೆಯಲ್ಲಿ ಬಂದ ಕಪಾಟು. ಬಂದ ದಿನದಿಂದ ಯಾರೂ ಅದನ್ನು ಅಲುಗಿಸಿರಲಿಲ್ಲ. ಮೇಷ್ಟ್ರು, “ಬಲಕ್ಕೆ! ಎಡಕ್ಕೆ! ಕಾಲು ಊರು!” ಎಂದು ಹಡಗು ನಡೆಸುವವರಂತೆ ಕೂಗಿದರು. ಇಲ್ಲಿ ಬಗ್ಗಿ, ಅಲ್ಲಿ ತಿರುಚಿ, ಒಂದು ಸಲ ಅಂಗಾತ ಮಲಗಿ ಎರಡೂ ಕಾಲಿನಿಂದ ಒದ್ದು, ಕೊನೆಗೆ ಕಪಾಟನ್ನು ಹೊರಗಿನ ಪಡಸಾಲೆಗೆ ತಲುಪಿಸಿದ. ಬೆವರು ಒರೆಸಿಕೊಂಡು ಫೋನು ನೋಡಿದ.

‘ಯಾವುದೇ ಸಾಧನ ಪತ್ತೆಯಾಗಿಲ್ಲ.’

“ಪಾತ್ರೆಗಳೂ ಇವೆಯಲ್ಲ ಒಳಗೆ,” ಎಂದರು ಮೇಷ್ಟ್ರು, ಅಡುಗೆಮನೆಯ ಕಡೆ ನೋಡುತ್ತ.

“ನನ್ನ ಪಾತ್ರೆ ಮುಟ್ಟಿದ್ರೆ ನೋಡಿ!” ಎಂದರು ಅಮ್ಮ, ಕುರ್ಚಿಯಲ್ಲಿ ಒಂದಿಷ್ಟೂ ಮಿಸುಕದೆ.

ಆ ಹೊತ್ತಿಗೆ ಎದುರುಮನೆಯ ಹೊಲಿಗೆ ಅಕ್ಕ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದಳು. ಅಲೆಗಿಲೆ ಎಲ್ಲ ಅವಳಿಗೆ ಬೇಕಿರಲಿಲ್ಲ. “ಮೇಷ್ಟ್ರೇ, ನಮ್ಮಣ್ಣನ ಮನೇಲೂ ಹೀಗೇ ಆಗಿತ್ತು. ಇಂಥಾದ್ದಕ್ಕೆಲ್ಲ ಸಣ್ಣದೊಂದು ತೂತು ಇರುತ್ತೆ. ಅದರೊಳಗೆ ಸೂಜಿ ಹಾಕಿ ಒತ್ತಿ ಹಿಡ್ಕೊಂಡ್ರೆ ಎಲ್ಲ ಮರೆತು ಹೊಸದಾಗಿ ಹುಟ್ಟುತ್ತೆ.”

ಕ್ಯಾಮೆರಾದ ಹೊಟ್ಟೆಯಲ್ಲಿ ನಿಜಕ್ಕೂ ಒಂದು ಸಣ್ಣ ತೂತಿತ್ತು. ಹೊಲಿಗೆ ಅಕ್ಕ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ಕಿತ್ತುಕೊಟ್ಟಳು. ಸ್ಪ್ರಿಂಗಣ್ಣ ಉಸಿರು ಬಿಗಿ ಹಿಡಿದು ಚುಚ್ಚಿದ. ಏನೂ ಆಗಲಿಲ್ಲ. ತಿರುವಿದ. ಕೆರೆದ. ಮತ್ತೆ ಒತ್ತಿದ. ಹಸಿರು ದೀಪ ಮೊದಲಿನ ಹಾಗೆಯೇ ಮಿಟುಕುತ್ತಿತ್ತು.

ಕೊನೆಗೆ ಮೇಷ್ಟ್ರ ಫೋನಿನಿಂದ ಕ್ಯಾಮೆರಾ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರು. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಒಂದು ಹೆಣ್ಣು ದನಿ ಬಹಳ ಹೊತ್ತು ಹೇಳಿತು. ಆಮೇಲೆ ಒಬ್ಬಾತ ಬಂದು, “ಸಾರ್, ಸಾಧನ ಆನ್ ಇದೆಯಾ?” ಎಂದ.

“ಇದೆ.”

“ಆಫ್ ಮಾಡಿ ಆನ್ ಮಾಡಿ ಸಾರ್.”

“ಬೆಳಿಗ್ಗೆಯಿಂದ ಅದನ್ನೇ ಮಾಡ್ತಿದ್ದೀನಪ್ಪಾ.”

“ಹಾಗಾದ್ರೆ ಇಂಟರ್ನೆಟ್ ಡಬ್ಬಿಗೆ ಹತ್ತಿರ ಹಿಡಿದುಕೊಳ್ಳಿ ಸಾರ್. ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ.”

ಸ್ಪ್ರಿಂಗಣ್ಣ ಸ್ಟೂಲು ಹತ್ತಿದ. ಒಂದು ಕೈಯಲ್ಲಿ ತಂತಿ ಸಮೇತ ತನ್ನತ್ತಲೇ ಮುಖ ಮಾಡಿದ ಕ್ಯಾಮೆರಾ, ಇನ್ನೊಂದರಲ್ಲಿ ಫೋನು, ತುದಿಗಾಲಲ್ಲಿ ನಿಂತು ಎರಡನ್ನೂ ಡಬ್ಬಿಗೆ ಮುತ್ತಿಡಿಸುತ್ತಿದ್ದಾಗ ಫೋನು ರಿಂಗಾಯಿತು. ಮ್ಯಾನೇಜರು.

ಅವನು ಗಡಬಡಿಸಿ ಫೋನು ಕಿವಿಗೆ ಹಿಡಿದ. ಸ್ಟೂಲು ಓಲಾಡಿತು. ಕೆಳಗೆ ಮೇಷ್ಟ್ರು ಮತ್ತು ಹೊಲಿಗೆ ಅಕ್ಕ ಆಳಿಗೊಂದು ಕಾಲು ಹಿಡಿದುಕೊಂಡರು. ಸ್ಪ್ರಿಂಗಣ್ಣ ದನಿಗೆ ಕಾಯಿಲೆ ತಂದುಕೊಂಡು, “ಹಲೋ ಸಾ...ರ್,” ಎಂದ.

“ಹೇಗಿದೆಯೋ ಸೊಂಟ?”

“ಹಾಗೇ ಇದೆ ಸಾರ್. ಮಲಗೇ ಇದ್ದೀನಿ.”

“ಎದ್ದು ಓಡಾಡ್ತಿಲ್ಲ ತಾನೇ?”

“ಅಯ್ಯೋ, ತಲೆ ಎತ್ತೋಕೂ ಆಗ್ತಿಲ್ಲ ಸಾರ್.”

ಆ ಕಡೆ ಯಾರೋ ಹಲವರು ಒಟ್ಟಿಗೆ ನಕ್ಕಂತೆ ಕೇಳಿಸಿತು. ಇವತ್ತು ಅಂಗಡಿಯಲ್ಲಿ ಜನ ಜಾಸ್ತಿ ಎಂದುಕೊಂಡ ಸ್ಪ್ರಿಂಗಣ್ಣ. “ಭೇಷ್,” ಎಂದರು ಮ್ಯಾನೇಜರು. “ಹಾಗೇ ಇರು. ಏನೂ ಬದಲಾಯಿಸಬೇಡ.” ಫೋನಿಟ್ಟರು.

“ಒಳ್ಳೆ ಮನುಷ್ಯ ಕಣಪ್ಪಾ,” ಎಂದರು ಮೇಷ್ಟ್ರು ಕೆಳಗಿನಿಂದ.

ಮಧ್ಯಾಹ್ನ ಜಾರಿತು. ಕ್ಯಾಮೆರಾ ಕಿಟಕಿಯ ಕಟ್ಟೆಗೆ ಮರಳಿತು. ಮೇಷ್ಟ್ರು ಸೋಲೊಪ್ಪದೆ, “ಇದು ಸೂರ್ಯನ ಮೇಲಿನ ಕಲೆಗಳ ಪ್ರಭಾವ” ಎಂದು ಹೇಳಿ ಕೆಳಗಿಳಿದು ಹೋದರು. ಹೊಲಿಗೆ ಅಕ್ಕ ಹೊಲಿಯಲು ಹೋದಳು. ಅಮ್ಮ ಕೂತಲ್ಲೇ ನಿದ್ದೆ ಹೋದರು. ಆಗಲೂ ಬೆನ್ನು ಬಾಗಿರಲಿಲ್ಲ. ಸ್ಪ್ರಿಂಗಣ್ಣ ನೆಲದ ಮೇಲೆ ತೊಟ್ಟಿಲಿಗೆ ಒರಗಿ ಕೂತ. ಮಗಳು ಎದ್ದು ಕಂಬಿಯ ಸಂದಿಯಿಂದ ಅವನನ್ನು ನೋಡಿದಳು.

“ಪುಟ್ಟೀ, ನಿಮ್ಮಮ್ಮ ಬಂದು ಕೇಳ್ತಾಳೆ. ಏನು ಹೇಳ್ಲಿ?” ಎಂದ ಮೆಲ್ಲಗೆ. “ನಂಗೇನು, ಹಾಸಿಗೆ ಮೇಲೆ ಹಾರೋ ಕೆಲಸ. ಅವಳದ್ದು ಹಾಗಲ್ಲ. ಒಂದು ತೊಟ್ಟು ರಕ್ತ ನೋಡಿ ಒಳಗೇನಾಗಿದೆ ಅಂತ ಹೇಳ್ತಾಳೆ. ಅಂಥೋಳು ಈ ಒಂದು ಡಬ್ಬಿ ಕೆಲಸ ಮಾಡ್ಲಿಲ್ಲ ಅಂತ ಮನೇಲಿ ಕೂತ್ಕೋಬೇಕಾ? ನಿಂಗೆ ಸರಿ ಅನ್ಸುತ್ತಾ?”

ಪುಟ್ಟಿಗೆ ಸರಿ ಅನ್ನಿಸಲಿಲ್ಲವೆಂದು ತೋರುತ್ತದೆ. ಅವಳು ಬಾಯಲ್ಲಿದ್ದ ಆಟಿಕೆಯನ್ನು ಅವನ ತಲೆಯ ಮೇಲೆ ಬಿಟ್ಟಳು. ಅದೇ ಅಪ್ಪಣೆಯೆಂದು ತಿಳಿದು ಸ್ಪ್ರಿಂಗಣ್ಣ ಮತ್ತೆ ಎದ್ದ. ಹೊಸ ತಂತಿ ತಂದ. ಅಮ್ಮನ ಫೋನಿನಲ್ಲಿ ಹುಡುಕಿದ, ಮೇಷ್ಟ್ರ ಫೋನಿನಲ್ಲಿ ಹುಡುಕಿದ, ಹೊಲಿಗೆ ಅಕ್ಕನ ಫೋನಿನಲ್ಲೂ ಹುಡುಕಿದ. ಯಾವ ಫೋನಿಗೂ ಕ್ಯಾಮೆರಾ ಕಾಣಲಿಲ್ಲ.

ಸಂಜೆ ಹೆಂಡತಿ ಬಂದಳು. ಪಡಸಾಲೆಯಲ್ಲಿ ಅಡ್ಡ ನಿಂತ ಕಪಾಟಿನ ಪಕ್ಕ ಓರೆಯಾಗಿ ನುಸುಳಿ ಒಳಗೆ ಬಂದಾಗ, ಗಂಡ ಕಿಟಕಿಯ ಮುಂದೆ ನಿಂತಿದ್ದ. ಸುದ್ದಿ ತಿಳಿಯಲು ಮೇಷ್ಟ್ರೂ ಹೊಲಿಗೆ ಅಕ್ಕನೂ ಮತ್ತೆ ಬಂದಿದ್ದರು. ಅವನ ಮುಖ ನೋಡಿದ್ದೇ ಅವಳಿಗೆ ತಿಳಿಯಿತು.

“ಹೋಗ್ಲಿ ಬಿಡಿ,” ಎಂದಳು. ಚೀಲ ಕೆಳಗಿಟ್ಟು ಮಗುವನ್ನೆತ್ತಿಕೊಂಡಳು. “ಹೊಸ ಯಂತ್ರ ಚೆನ್ನಾಗಿತ್ತು ರೀ. ಕೈಗೆ ಬೇಗ ಒಗ್ಗಿತು. ಇರ್ಲಿ ಬಿಡಿ.”

ಆ ‘ಇರ್ಲಿ ಬಿಡಿ’ ಸ್ಪ್ರಿಂಗಣ್ಣನ ಎದೆಗೆ ನಾಟಿತು. ಇಡೀ ದಿನದ ಸಿಟ್ಟು ಒಮ್ಮೆಗೇ ಉಕ್ಕಿತು.

“ನಿಂದೇನೂ ತಪ್ಪಿಲ್ಲ, ನಂದೂ ತಪ್ಪಿಲ್ಲ. ಎಲ್ಲ ಆ ನಮ್ಮ ಮ್ಯಾನೇಜರ್‌ದು! ಮಹಾ ಜಿಪುಣ ಕಣೇ ಅವನು! ಒಳ್ಳೇ ವಸ್ತು ಅವನ ಕೈಯಿಂದ ಬಿಟ್ಟಿ ಬರುತ್ತಾ? ಹಾಳಾಗಿದೆ ಅಂತ ಗೊತ್ತಿದ್ದೇ ನನ್ನ ತಲೆಗೆ ಕಟ್ಟಿದ್ದಾನೆ!”

“ಹಾಳಾಗಿಲ್ಲ ಕಣಯ್ಯಾ,” ಎಂದಿತು ಕ್ಯಾಮೆರಾ. “ಚೆನ್ನಾಗೇ ಕೆಲಸ ಮಾಡ್ತಿದೆ.”

ಹೊಲಿಗೆ ಅಕ್ಕ ಕಿರುಚಿದಳು. ಮೇಷ್ಟ್ರು ಬಾಗಿಲ ಹಿಂದೆ ಸರಿದರು. ಅಮ್ಮ ಮಾತ್ರ ಕೂದಲು ನೇವರಿಸಿಕೊಂಡರು. ಸ್ಪ್ರಿಂಗಣ್ಣನಿಗೆ ಆ ದನಿ ಯಾರದೆಂದು ತಿಳಿದದ್ದೇ, ಎರಡೂ ಕೈಯಿಂದ ಸೊಂಟ ಹಿಡಿದು ಥಟ್ಟನೆ ಬಗ್ಗಿದ. “ಅಯ್ಯಮ್ಮಾ... ಸಾರ್...”

“ನೆಟ್ಟಗೆ ನಿಂತ್ಕೋ. ಬೆಳಿಗ್ಗೆಯಿಂದ ನೋಡ್ತಾನೇ ಇದ್ದೀವಿ.”

“ನೋಡ್ತಾ... ಎಲ್ಲಿಂದ ಸಾರ್?”

“ಅಂಗಡಿಯಿಂದ. ಆ ಕ್ಯಾಮೆರಾ ಇನ್ನೂ ಅಂಗಡಿ ಹೆಸರಲ್ಲೇ ಇದೆ. ತೆಗೆಯೋದು ಮರೆತಿದ್ವಿ. ಒಂದು ಕಡೆ ಸೇರಿಕೊಂಡಿರೋದು ಇನ್ನೊಂದು ಕಡೆ ಹೇಗೆ ಪತ್ತೆಯಾಗುತ್ತೆ? ನೀನು ತಂತಿ ಚುಚ್ಚಿದ ತಕ್ಷಣ ಇಲ್ಲಿ ಗೋಡೆ ಟೀವಿ ಮೇಲೆ ನೀನು ಮೊಣಕಾಲೂರಿ ಕೂತಿರೋದು ಬಂತು. ಆಮೇಲೆ ಚುಚ್ಚಿದೆಯಲ್ಲ, ಆ ತೂತು, ಅದು ಮೈಕು. ನಮ್ಮೆಲ್ಲರ ಕಿವಿ ಇನ್ನೂ ಗುಂಯ್ ಅಂತಿದೆ.”

ಸ್ಪ್ರಿಂಗಣ್ಣನ ಮುಖ ತೊಳೆದಿಟ್ಟ ಹಾಸಿಗೆ ಹೊದಿಕೆಯಂತೆ ಬೆಳ್ಳಗಾಯಿತು. ಕಪಾಟಿಗೆ ಕೊಟ್ಟ ಒದೆ, ಸ್ಟೂಲಿನ ಮೇಲಿನ ‘ಮಲಗೇ ಇದ್ದೀನಿ ಸಾರ್’, ಈಗತಾನೇ ಅಂದ ‘ಜಿಪುಣ’, ಎಲ್ಲವೂ ಸಾಲಾಗಿ ಕಣ್ಣ ಮುಂದೆ ಹಾದುಹೋದವು. ಕೆಲಸ ಹೋಯಿತು ಎಂದುಕೊಂಡ. ಇಬ್ಬರ ಕೆಲಸವೂ ಒಂದೇ ದಿನ.

ಅವನ ಹೆಂಡತಿ ಮಗುವನ್ನು ಸೆರಗಿನಡಿ ಎಳೆದುಕೊಂಡು ಕ್ಯಾಮೆರಾದ ಮುಂದೆ ಬಂದಳು. “ಸಾರ್, ಅವರು ಸುಳ್ಳು ಹೇಳಿದ್ದು ತಪ್ಪು. ಆದ್ರೆ ಇನ್ನೊಬ್ಬರ ಮನೆಯೊಳಗನ್ನ ಇಡೀ ದಿನ ಅಂಗಡಿ ಗೋಡೆ ಮೇಲೆ ಹಾಕೋದು ಸರೀನಾ?”

ಕ್ಯಾಮೆರಾದ ದನಿ ಇಳಿಯಿತು. “ಸರಿಯಲ್ಲ ತಾಯಿ. ತಪ್ಪಾಯ್ತು. ಮೊದಲು ಬೈಯೋಣ ಅಂತಲೇ ಬಾಯಿ ತೆಗೆದೆ. ಅಷ್ಟರಲ್ಲಿ ಒಂದು ಆಯ್ತು.”

ಆಗಿದ್ದು ಇಷ್ಟು. ಹಾಸಿಗೆಯವನು ಎಲ್ಲಿ ಎಂದು ಬೆಳಿಗ್ಗೆ ಒಬ್ಬ ಗಿರಾಕಿ ಕೇಳಿದಾಗ, ಅಂಗಡಿಯ ಹುಡುಗಿಯೊಬ್ಬಳು ಬಾಯಿ ತಪ್ಪಿ ‘ಸೊಂಟನೋವು’ ಎಂದುಬಿಟ್ಟಿದ್ದಳು. ಗಿರಾಕಿ ನಗುತ್ತ ಎದ್ದು ಹೊರಟಿದ್ದ. ಅವನನ್ನು ನೋಡಿ ಇನ್ನಿಬ್ಬರು ಎದ್ದಿದ್ದರು. ಅದೇ ಹೊತ್ತಿಗೆ ಗೋಡೆಯ ಟೀವಿಯಲ್ಲಿ ಸ್ಪ್ರಿಂಗಣ್ಣ ಕಬ್ಬಿಣದ ಕಪಾಟನ್ನು ಒಬ್ಬನೇ ತಳ್ಳುತ್ತಿರುವುದು ಕಂಡಿತು.

“ನಂಗೇನು ತೋಚಬೇಕು ಹೇಳು? ‘ನೋಡಿ ಸ್ವಾಮಿ, ಇವನೇ ಅವನು. ಬೆಳಗಿನ ಜಾವ ಮಗ್ಗುಲು ಬದಲಾಯಿಸೋಕೆ ಆಗ್ತಿರಲಿಲ್ಲ. ನಮ್ಮ ಹಾಸಿಗೆ ಮೇಲೆ ಸ್ವಲ್ಪ ಹೊತ್ತು ಮಲಗಿದ, ಅಷ್ಟೇ’ ಅಂದೆ. ನೀನು ಸ್ಟೂಲು ಹತ್ತಿದಾಗಂತೂ ಜನ ಚಪ್ಪಾಳೆ ಹೊಡೆದ್ರು ಕಣೋ! ಆ ಕುರ್ಚೀಲಿ ನೆಟ್ಟಗೆ ಕೂತಿರೋ ಅಜ್ಜಿ ಯಾರು, ಅವರೂ ಇದೇ ಹಾಸಿಗೆ ಬಳಸ್ತಾರಾ ಅಂತ ಎಲ್ಲರೂ ಕೇಳಿದ್ರು. ಗೋಡೌನಲ್ಲಿ ಒಂದು ಹಾಸಿಗೆ ಉಳಿದಿಲ್ಲ. ನಾಳೆ ಎಣಿಸೋಕೆ ಏನೂ ಇಲ್ಲ!”

ಅಮ್ಮ ಎಲ್ಲರ ಕಡೆ ಒಮ್ಮೆ ನೋಡಿದರು. ಆಮೇಲೆ ಬೆನ್ನನ್ನು ಇನ್ನೂ ಸ್ವಲ್ಪ ನೆಟ್ಟಗೆ ಮಾಡಿಕೊಂಡರು.

“ಮಗು ಹತ್ರ ಏನೋ ಹೇಳ್ಕೊಂಡೆಯಲ್ಲ, ಅದನ್ನ ಕೇಳಿ ಟೀವಿ ಆರಿಸಿದೆ,” ಎಂದರು ಮ್ಯಾನೇಜರು. “ಈಗ ಬೀಗ ಹಾಕೋ ಮೊದಲು ಒಂದ್ಸಲ ಹಚ್ಚಿದೆ, ನಿಂಗೆ ಹೇಳೋಣ ಅಂತ. ಹಚ್ಚಿದ ಕೂಡಲೇ ‘ಜಿಪುಣ’ ಅಂದೆ. ಇರ್ಲಿ. ತಗೋ, ಇದನ್ನ ನಮ್ಮ ಕಡೆಯಿಂದ ತೆಗೆದುಹಾಕ್ತೀನಿ. ನಿನ್ನ ಫೋನಲ್ಲಿ ಹುಡುಕು.”

ಹಸಿರು ದೀಪ ಆರಿ ಹತ್ತಿತು. ಸ್ಪ್ರಿಂಗಣ್ಣ ಹೆಂಡತಿಯ ಫೋನಿನಲ್ಲೇ ಹುಡುಕಿದ. ‘ಒಂದು ಸಾಧನ ಪತ್ತೆಯಾಗಿದೆ’ ಎಂದು ಬಂತು. ತೊಟ್ಟಿಲು, ಕುರ್ಚಿ, ಕುರ್ಚಿಯಲ್ಲಿ ಅಮ್ಮ, ಎಲ್ಲ ಅಂಗೈಯಲ್ಲಿ ಮೂಡಿದವು. ಹೆಂಡತಿ ಮಗುವನ್ನು ನೆಲಕ್ಕಿಳಿಸಿ, ಫೋನು ಕಸಿದುಕೊಂಡು ದೂರದಿಂದ ಹೇಗೆ ಕಾಣುತ್ತದೆ ನೋಡಲು ಮಲಗುವ ಕೋಣೆಗೆ ಓಡಿದಳು.

ಮ್ಯಾನೇಜರು ಸ್ಪ್ರಿಂಗಣ್ಣನ ಫೋನಿಗೆ ಕರೆ ಮಾಡಿದರು. ಅವರ ದನಿ ನಡುಮನೆಗೆಲ್ಲ ಕೇಳಿಸುತ್ತಿತ್ತು. “ಕೇಳು, ನಾಳೆ ಹೊಸ ಸರಕು ಬರುತ್ತೆ. ಇನ್ಮೇಲೆ ನೀನು ಹಾಸಿಗೆ ಮೇಲೆ ಕುಣಿಯೋದು ಬೇಡ.”

ಸ್ಪ್ರಿಂಗಣ್ಣನ ಕಣ್ಣು ತುಂಬಿ ಬಂತು. “ಬಡ್ತೀನಾ ಸಾರ್?”

“ಅಂಗಡಿ ಮುಂದಿನ ಗಾಜಿನ ಕಿಟಕೀಲಿ ನಿಂಗೊಂದು ಮಂಚ. ದಿನಾ ಬೆಳಿಗ್ಗೆ ಸೊಂಟ ಹಿಡ್ಕೊಂಡು ಬರಬೇಕು, ಮಲಗಬೇಕು, ಮಧ್ಯಾಹ್ನದ ಹೊತ್ತಿಗೆ ಎದ್ದು ಕಪಾಟು ತಳ್ಳಬೇಕು. ಕಪಾಟು ನಾವೇ ಕೊಡ್ತೀವಿ. ಅಂದಹಾಗೆ, ಸೊಂಟನೋವು ಅಂತ ಇನ್ನು ರಜೆ ಇಲ್ಲ. ಅದೇ ನಿನ್ನ ಕೆಲಸ.”

ಫೋನು ಕೆಳಗಿಡಲು ಬಗ್ಗಿದ ಸ್ಪ್ರಿಂಗಣ್ಣನ ಸೊಂಟದಲ್ಲಿ ‘ಕಳಕ್’ ಎಂದಿತು. ಅವನು ಹಾಗೆಯೇ ನಿಂತ. ಮೇಲೇಳಲು ನೋಡಿದ, ಆಗಲಿಲ್ಲ. ಕೂರಲು ನೋಡಿದ, ಅದೂ ಆಗಲಿಲ್ಲ.

“ಅಮ್ಮಾ... ಸೊಂಟ...”

“ವಾಹ್!” ಎಂದರು ಮೇಷ್ಟ್ರು. “ಬೆಳಿಗ್ಗೆಗಿಂತ ನಟನೆ ಎಷ್ಟೋ ಸುಧಾರಿಸಿದೆ.”

“ಬಲಗೈ ಇನ್ನೂ ಸ್ವಲ್ಪ ಹಿಂದಕ್ಕೆ ಇಟ್ಕೋ ಅಣ್ಣಾ,” ಎಂದಳು ಹೊಲಿಗೆ ಅಕ್ಕ. “ಗಾಜಿನಾಚೆಯಿಂದ ಚೆನ್ನಾಗಿ ಕಾಣುತ್ತೆ.”

“ಇದು ನಿಜ ಕಣ್ರೀ!”

“ಅದನ್ನೂ ಸೇರಿಸು. ‘ಇದು ನಿಜ ಕಣ್ರೀ’ ಅಂದ್ರೆ ಗಿರಾಕಿ ನಂಬ್ತಾನೆ,” ಎಂದರು ಅಮ್ಮ.

ಯಾರೂ ಸಹಾಯಕ್ಕೆ ಬರಲಿಲ್ಲ, ಪುಟ್ಟಿಯೊಬ್ಬಳನ್ನು ಬಿಟ್ಟು. ಅವಳು ಅಂಬೆಗಾಲಿಡುತ್ತ ಬಂದು ಅವನ ಮೊಣಕಾಲು ಹಿಡಿದು ಎದ್ದು ನಿಂತಳು. ಯಾವಾಗಲೂ ಆಕಾಶದಷ್ಟು ಎತ್ತರದಲ್ಲಿರುತ್ತಿದ್ದ ಅಪ್ಪನ ಮುಖ ಇವತ್ತು ತನ್ನ ಮೂಗಿನ ನೇರಕ್ಕೇ ಇಳಿದು ಬಂದಿದ್ದು ಕಂಡು ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎರಡೂ ಕೈಯಿಂದ ಅವನ ಮೂಗು ಹಿಡಿದು ಕೇಕೆ ಹಾಕಿ ನಕ್ಕಳು. ನೋವಿನಲ್ಲೂ ಸ್ಪ್ರಿಂಗಣ್ಣನಿಗೆ ನಗು ಬಂತು. ನಕ್ಕರೆ ಇನ್ನೂ ನೋಯುತ್ತಿತ್ತು.

ಮಲಗುವ ಕೋಣೆಯಿಂದ ಹೆಂಡತಿಯ ನಗೆ ಕೇಳಿಸಿತು. “ಕಾಣ್ತಿದೆ ರೀ! ಇಬ್ರೂ ಕಾಣ್ತಿದ್ದೀರಿ! ಅವಳ ಹಲ್ಲು ಕೂಡ ಕಾಣ್ತಿದೆ!” ಎಂದು ಕೂಗಿದಳು. ಆಮೇಲೆ, “ನಾಳೆ ಬೆಳಿಗ್ಗೆ ನನ್ನ ಬೇಗ ಎಬ್ಬಿಸಿ. ಮೊದಲನೇ ದಿನವೇ ತಡವಾಗಿ ಹೋಗೋಕಾಗಲ್ಲ,” ಎಂದಳು.

“ನಾನೇ ಏಳೋದು ಹೇಗೆ ಅಂತ ಮೊದಲು ಹೇಳೇ,” ಎಂದ ಸ್ಪ್ರಿಂಗಣ್ಣ, ಮಗಳ ಕೈಯಲ್ಲಿ ಸಿಕ್ಕಿಕೊಂಡ ಮೂಗಿನಿಂದ.